ಅನ್ವಯವೂ ಅರ್ಥವೂ: ಮಕ್ಕಳ ಮಾನಸಿಕ ಶುಶ್ರೂಷೆಯ ಒಂದು ಗ್ರಂಥದ ವಿಮರ್ಶೆ

೧

ವರದಿ, ಯೋಜನಾಪತ್ರ, ಕೈಪಿಡಿ ಮೊದಲಾದುವುಗಳನ್ನು ವಿಮರ್ಶೆಗೆ ವಿಷಯವನ್ನಾಗಿ ಮಾಡಿಕೊಳ್ಳುವುದು ಉಚಿತವೇ ಎಂಬ ಶಂಕೆಯು ವಾಚಕರಿಗೆ ಮೊದಲಲ್ಲಿಯೇ ಉಂಟಾಗಬಹುದು. ಅವುಗಳಲ್ಲಿ ರಸವಿಲ್ಲ, ಅಲಂಕಾರವಿಲ್ಲ. ಆದಕಾರಣ ವಿಮರ್ಶಕನಿಗೆ ಅಲ್ಲಿ ಕೆಲಸವಿಲ್ಲವೆಂದು ಹೇಳಿಬಿಡುವುದು ಸುಲಭ. ಆದರೆ ವಿಮರ್ಶೆಯ ಕಾರ್ಯವು ರಸವಿಚಾರದಲ್ಲಿಯೇ ಮುಗಿಯತಕ್ಕುದಲ್ಲ. ಒಂದು ಗ್ರಂಥವು ಯಾವ ಮಾತನ್ನು ಯಾವ ಅರ್ಥದಲ್ಲಿ ಪ್ರಯೋಗಿಸಿದೆ, ಆ ಅರ್ಥವು ಆದ್ಯಂತವೂ ಸ್ಥಿರವಾಗಿ ನಿಂತಿದೆಯೇ, ಓದಿದವರು ಅದನ್ನು ಹೇಗೆ ಗ್ರಹಿಸಿದರು, ಆ ಗ್ರಹಣದಿಂದ ಲೋಕದಲ್ಲಿ ಏನಾಯಿತು ಎಂಬಿವೂ ವಿಮರ್ಶಕನು ಕೇಳತಕ್ಕ ಪ್ರಶ್ನೆಗಳೇ. ಮೇಲಾಗಿ, ಕಾವ್ಯದಲ್ಲಿ ಪದವೊಂದು ಸಡಿಲವಾದರೆ ಕೆಡುವುದು ಒಂದು ಪದ್ಯ. ಜನರ ಕಷ್ಟನಿವಾರಣೆಗಾಗಿ ಬರೆದ ಗ್ರಂಥದಲ್ಲಿ ಪದವೊಂದು ಸಡಿಲವಾದರೆ ಒಂದು ಮನೆಯ ಬಾಳೇ ಕೆಡಬಹುದು.

ಪ್ರಕೃತ ವಿಮರ್ಶೆಗೆ ಎತ್ತಿಕೊಂಡಿರುವ ಗ್ರಂಥವು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೮೬ರಲ್ಲಿ ಪ್ರಕಟವಾದುದು. ಬೆತ್ ಸ್ಟ್ರೌಲ್ ಮತ್ತು ರಾಬರ್ಟ್ ಫ್ರೀಡ್‌ಮನ್ ಎಂಬವರು ಗ್ರಂಥಕರ್ತರು. ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದಿಂದ ಅದು ಹೊರಬಂದಿತು. ತೀವ್ರವಾದ ಭಾವಕ್ಷೋಭೆಗೆ ಒಳಗಾದ ಮಕ್ಕಳಿಗೆ ಒಂದು ಆರೈಕೆಯ ವ್ಯವಸ್ಥೆಯೆಂದು ಅದರ ಹೆಸರನ್ನು ಸ್ಥೂಲವಾಗಿ ಕನ್ನಡಿಸಬಹುದು. ಗಾತ್ರದಲ್ಲಿ ಅದು ದೊಡ್ಡದಲ್ಲ. ಆದರೆ ೧೯೯೨ರಲ್ಲಿ ಆ ದೇಶದ ಕಾಂಗ್ರೆಸ್ ಸಭೆಯು ಮಕ್ಕಳ ಮಾನಸಿಕ ಶುಶ್ರೂಷೆಗಾಗಿ ಊರೂರಿಗೆ ಧನಸಹಾಯವನ್ನು ಕೊಡುವ ಶಾಸನವನ್ನು ಮಾಡಿದಾಗ ಅದರ ಹಿಂದೆ ನಿಂತಿದ್ದುದು ಈ ಗ್ರಂಥದ ಭಾವನೆಯೇ. ಇಷ್ಟೊಂದು ಪ್ರಭಾವಶಾಲಿಯಾದ ಬರವಣಿಗೆಯ ಮುಖ್ಯಪದವು ಯಾವುದು, ಆ ಪದವು ಹೊರಲಾರದ ಭಾರವನ್ನು ಅದರ ಮೇಲೆ ಹೊರಿಸಲಾಯಿತೇ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೨

ಗ್ರಂಥದ ಪೂರ್ವಪೀಠಿಕೆಯನ್ನು ಮೊದಲು ತಿಳಿಯಬೇಕು. ೧೯೮೨ರಲ್ಲಿ ಜೇನ್ ನಿಟ್ಜರ್ ಎಂಬ ವಿದುಷಿಯು ‘ಅನ್‌ಕ್ಲೇಮ್ಡ್ ಚಿಲ್ಡ್ರನ್’ ಎಂಬ ಪುಸ್ತಕವನ್ನು ಪ್ರಕಟಿಸಿದಳು. ಆ ದೇಶದಲ್ಲಿ ತೀವ್ರವಾದ ಭಾವಕ್ಷೋಭೆಯುಳ್ಳ ಮಕ್ಕಳು ಸುಮಾರು ೩೦ ಲಕ್ಷವಿರುವರೆಂದೂ, ಅವರಲ್ಲಿ ಮೂರರಲ್ಲಿ ಎರಡು ಪಾಲಿನವರಿಗೆ ಬೇಕಾದ ಶುಶ್ರೂಷೆಯು ದೊರೆಯುತ್ತಿಲ್ಲವೆಂದೂ ಆಕೆ ತೋರಿಸಿದಳು. ಸಂಸ್ಥಾನ ಸರ್ಕಾರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಮಕ್ಕಳ ಮಾನಸಿಕ ಆರೋಗ್ಯಕ್ಕೆಂದೇ ನಿಯಮಿತನಾದ ಒಬ್ಬ ಅಧಿಕಾರಿಯೂ ಇರಲಿಲ್ಲ.

ಆ ಪುಸ್ತಕದ ಹೆಸರು ಗಮನಾರ್ಹವಾದುದು. ವಾರಸುದಾರರು ಬಂದು ಕೇಳದೆ ಉಳಿದ ಸಾಮಾನನ್ನು ನಮ್ಮ ಕಚೇರಿಯ ಭಾಷೆಯಲ್ಲಿ ಬೇವಾರಸು ಮಾಲೆನ್ನುತ್ತಾರೆ. ಇಂಗ್ಲಿಷಿನ ಆ ಪದಕ್ಕೂ ಅದೇ ವಾಸನೆಯುಂಟು. ಆದರೆ ಈ ಮಕ್ಕಳಲ್ಲಿ ಬಹುಮಂದಿಗೆ ತಾಯಿತಂದೆಗಳು ಇದ್ದರು, ಮನೆಯಿತ್ತು. ಹಾಗಾದರೆ ತಮ್ಮವರೆಂದು ಹೇಳದೆ ಉಳಿದವರು ಯಾರು? ಶಾಲೆಯು ಇವನು ರೋಗಿಯೆಂದಿತು. ಆಸ್ಪತ್ರೆಯು ಇವನು ಪುಂಡನೆಂದಿತು. ಬಾಲನ್ಯಾಯಾಲಯವು ಇವನ ಮನೆಯು ಸರಿಯಿಲ್ಲವೆಂದಿತು. ಶಿಶುಕಲ್ಯಾಣದ ಇಲಾಖೆಯು ಇವನಿಗೆ ತಾಯಿತಂದೆಗಳಿರುವುದರಿಂದ ತನ್ನ ಹೊಣೆಯಲ್ಲವೆಂದಿತು. ಒಂದೊಂದು ಇಲಾಖೆಯೂ ತನ್ನ ನಿಯಮಗಳ ಮಟ್ಟಿಗೆ ಸರಿಯಾಗಿಯೇ ನಡೆಯುತ್ತಿದ್ದಿರಬಹುದು. ಮಗುವು ಮಾತ್ರ ಬೇವಾರಸಾಯಿತು. ಪುಸ್ತಕದ ಉಪಶೀರ್ಷಿಕೆಯು ಸಾರ್ವಜನಿಕ ಹೊಣೆಯ ವೈಫಲ್ಯವನ್ನು ಹೇಳುತ್ತದೆಯೇ ಹೊರತು ಕುಟುಂಬದ ವೈಫಲ್ಯವನ್ನಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಈ ಕೂಗಿಗೆ ಉತ್ತರವಾಗಿ ೧೯೮೪ರಲ್ಲಿ ಆ ದೇಶದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯು ಒಂದು ಸಣ್ಣ ಕಾರ್ಯಕ್ರಮವನ್ನು ಆರಂಭಿಸಿತು. ಅದಕ್ಕೆ ತಾತ್ತ್ವಿಕವಾದ ತಳಹದಿಯನ್ನು ಒದಗಿಸುವುದಕ್ಕಾಗಿ ಸ್ಟ್ರೌಲ್ ಮತ್ತು ಫ್ರೀಡ್‌ಮನ್ನರು ತಮ್ಮ ಗ್ರಂಥವನ್ನು ಬರೆದರು. ಮಗುವಿನ ಅಗತ್ಯಕ್ಕೆ ಶುಶ್ರೂಷೆಯು ಹೊಂದಬೇಕಲ್ಲದೆ ಶುಶ್ರೂಷೆಗೆ ಮಗುವು ಹೊಂದಬೇಕಾದುದಿಲ್ಲ ಎಂಬುದು ಅವರ ಒಂದು ಮೌಲ್ಯ. ಶುಶ್ರೂಷೆಯೂ ಅದನ್ನು ಕುರಿತ ನಿರ್ಧಾರವೂ ಮಗುವಿನ ಊರುಕೇರಿಯಲ್ಲಿಯೇ ನಡೆಯಬೇಕೆಂಬುದು ಇನ್ನೊಂದು. ಇವನ್ನು ಅನುಸರಿಸಿ ಹತ್ತು ಸೂತ್ರಗಳು. ಅನಂತರ ಶುಶ್ರೂಷೆಯ ವಿಭಾಗಗಳು: ಮಾನಸಿಕ ಚಿಕಿತ್ಸೆ, ಸಮಾಜಸೇವೆ, ವಿದ್ಯೆ, ದೇಹಾರೋಗ್ಯ, ಕಸಬು, ವಿನೋದ, ಕಡೆಯದಾಗಿ ಇವೆಲ್ಲವನ್ನೂ ನಡೆಸಿಕೊಡುವ ಸಹಾಯಕ ಕಾರ್ಯಗಳು. ಈ ಸಹಾಯಕ ಕಾರ್ಯಗಳಲ್ಲಿ ವಾಹನ ಸೌಕರ್ಯವನ್ನೂ ಗ್ರಂಥಕರ್ತರು ಎಣಿಸಿರುವುದು ಅವರ ಅನುಭವಕ್ಕೆ ಸಾಕ್ಷಿ. ಬಸ್ಸಿನ ಕಾಸಿಲ್ಲದ ತಾಯಿಗೆ ಅತ್ಯುತ್ತಮವಾದ ಚಿಕಿತ್ಸಾಲಯವೂ ಇಲ್ಲದುದಕ್ಕೆ ಸಮಾನವೇ ಅಷ್ಟೆ. ವಿಭಾಗಗಳನ್ನು ಇಲಾಖೆಗಳ ಹೆಸರಿನಿಂದ ಕರೆಯದೆ ಕಾರ್ಯಗಳ ಹೆಸರಿನಿಂದ ಕರೆದಿರುವುದು ಗ್ರಂಥದ ದೊಡ್ಡ ಗುಣ. ಯಾವ ಕಚೇರಿಯು ಮಾಡಬೇಕೆಂಬ ಪ್ರಶ್ನೆಗಿಂತ ಮೊದಲು ಏನಾಗಬೇಕೆಂಬ ಪ್ರಶ್ನೆಯನ್ನು ಇಡುವುದೇ ಇದರ ಅಭಿಪ್ರಾಯ.

೩

ಗ್ರಂಥದ ಜೀವಪದವಾದ ಕೋಆರ್ಡಿನೇಷನ್ ಎಂಬುದಕ್ಕೆ ನಾವು ಸಮನ್ವಯವೆಂದು ಹೇಳುತ್ತೇವೆ. ಹೊಂದಾಣಿಕೆ, ಸಂಯೋಜನೆ ಎಂಬ ಮಾತುಗಳೂ ಬಳಕೆಯಲ್ಲಿವೆ. ಇವುಗಳಲ್ಲಿ ಸಮನ್ವಯವೆಂಬ ಮಾತಿಗೆ ಶಾಸ್ತ್ರದ ಸಂಸ್ಕಾರವಿದೆ. ಬ್ರಹ್ಮಸೂತ್ರಗಳ ಮೊದಲನೆಯ ಅಧ್ಯಾಯಕ್ಕೆ ಸಮನ್ವಯಾಧ್ಯಾಯವೆಂದು ಹೆಸರು. ಬೇರೆಬೇರೆಯಾಗಿ ತೋರುವ ಶ್ರುತಿವಾಕ್ಯಗಳಿಗೆ ತಾತ್ಪರ್ಯವು ಒಂದೇ ಎಂದು ತೋರಿಸುವುದು ಅಲ್ಲಿಯ ಕೆಲಸ. ಬಿಡಿ ಸಂಗತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟಮಾತ್ರಕ್ಕೆ ಸಮನ್ವಯವಾಗದು, ತಾತ್ಪರ್ಯವು ಒಂದಾಗಿರಬೇಕು. ಪಾಠಶಾಲೆಯಲ್ಲಿ ಪದ್ಯಕ್ಕೆ ಅನ್ವಯವನ್ನು ಹೇಳುವ ಉಪಾಧ್ಯಾಯರಿಗೆ ಈ ವಿಷಯವನ್ನು ವಿವರಿಸಬೇಕಾದುದಿಲ್ಲ. ಕ್ರಿಯಾಪದವೆಲ್ಲಿ, ಅದಕ್ಕೆ ಕರ್ತೃವಾರು, ಕರ್ಮವಾವುದು ಎಂದು ಹುಡುಕಿಯೇ ಅವರು ಮುಂದುವರಿಯುತ್ತಾರೆ.

ಪದಸಮೂಹವು ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ತಾರ್ಕಿಕರು ಹೇಳುವರು. ಹಸು, ಕುದುರೆ, ಮನುಷ್ಯ, ಆನೆ ಎಂದು ಸಾಲಾಗಿ ಹೇಳಿದರೆ ಒಂದು ಪದವು ಇನ್ನೊಂದನ್ನು ಬಯಸುವುದಿಲ್ಲವಾದುದರಿಂದ ವಾಕ್ಯವಿಲ್ಲ. ಬೆಂಕಿಯಿಂದ ನೆನೆಸಬೇಕೆಂದರೆ ಪದಗಳು ಒಂದನ್ನೊಂದು ಬಯಸಿದರೂ ಬೆಂಕಿಗೆ ನೆನೆಸುವ ಯೋಗ್ಯತೆಯಿಲ್ಲ. ಜಾವಕ್ಕೊಂದರಂತೆ ಪದಗಳನ್ನು ಉಚ್ಚರಿಸಿದರೆ ಸನ್ನಿಧಿಯಿಲ್ಲ. ತರ್ಕದ ಮೊದಲ ಪಾಠದಲ್ಲಿ ಬರುವ ಈ ಉದಾಹರಣೆಗಳು ನಮ್ಮ ವಿಷಯಕ್ಕೆ ಆಶ್ಚರ್ಯಕರವಾಗಿ ಹೊಂದುತ್ತವೆ. ಶಾಲೆ, ಆಸ್ಪತ್ರೆ, ನ್ಯಾಯಾಲಯ, ಅನಾಥಾಲಯ ಎಂಬುದು ಹಸು, ಕುದುರೆ, ಮನುಷ್ಯ, ಆನೆ ಎಂಬಂತಹ ಸಾಲೇ. ಮಗುವಿಗೆ ಒಗ್ಗದ ಚಿಕಿತ್ಸೆಯು ಬೆಂಕಿಯಿಂದ ನೆನೆಸಿದಂತೆ. ಇಂದು ಅರ್ಜಿ, ಆರು ತಿಂಗಳಿಗೆ ಪರೀಕ್ಷೆ, ವರ್ಷದ ಮೇಲೆ ನೆರವು ಎಂಬುದು ಜಾವಕ್ಕೊಂದು ಪದವನ್ನು ನುಡಿದಂತೆ.

ಈ ಮೂರು ಒರೆಗಲ್ಲುಗಳಿಗೆ ಹಚ್ಚಿ ನೋಡಿದರೆ ೧೯೮೬ರ ಗ್ರಂಥವು ಸನ್ನಿಧಿಯ ವಿಷಯದಲ್ಲಿ ಬಲವಾಗಿಯೂ, ಆಕಾಂಕ್ಷೆಯ ವಿಷಯದಲ್ಲಿ ಅರ್ಧವಾಗಿಯೂ, ಯೋಗ್ಯತೆಯ ವಿಷಯದಲ್ಲಿ ಮೌನವಾಗಿಯೂ ಇದೆಯೆಂದು ನಮಗೆ ತೋರುತ್ತದೆ. ಶುಶ್ರೂಷೆಯು ಮನೆಯ ಹತ್ತಿರ, ಒಂದಕ್ಕೊಂದು ಹತ್ತಿರ, ಸಕಾಲದಲ್ಲಿ ಇರಬೇಕೆಂಬುದನ್ನು ಗ್ರಂಥವು ಬಿಡದೆ ಹೇಳುತ್ತದೆ. ಕುಟುಂಬದ ಬಯಕೆಯನ್ನು ಕೇಳಬೇಕೆಂದೂ ಹೇಳುತ್ತದೆ. ಆದರೆ ಅದರ ಪ್ರಸಿದ್ಧವಾದ ಚಕ್ರಾಕಾರದ ಚಿತ್ರದಲ್ಲಿ ಮಗುವೂ ಕುಟುಂಬವೂ ನಡುವೆ ಇದ್ದು ಶುಶ್ರೂಷೆಗಳು ಸುತ್ತಲೂ ನಿಂತಿವೆ. ನಡುವೆ ಇರುವುದು ಗೌರವದ ಸ್ಥಾನವೇ ಸರಿ. ಆದರೂ ಅದು ಸುತ್ತುವರಿಯಲ್ಪಟ್ಟವರ ಸ್ಥಾನ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅಲ್ಲಿ ಕುಟುಂಬವು ಕರ್ಮಪದ, ಕರ್ತೃಪದವಲ್ಲ. ಇನ್ನು, ಸುತ್ತಲಿರುವ ಒಂದೊಂದು ಶುಶ್ರೂಷೆಯೂ ತನ್ನಷ್ಟಕ್ಕೆ ತಾನು ಗುಣಕಾರಿಯೇ ಎಂಬ ಪ್ರಶ್ನೆಯನ್ನು ಗ್ರಂಥವು ಸಿದ್ಧವಸ್ತುವೆಂದು ಭಾವಿಸಿ ಮುಂದೆ ಸಾಗುತ್ತದೆ.

೪

ಈ ಮೌನದ ಬೆಲೆಯನ್ನು ಕಾಲವು ತೋರಿಸಿತು. ಉತ್ತರ ಕ್ಯಾರೊಲೈನದ ಫೋರ್ಟ್ ಬ್ರ್ಯಾಗ್ ಎಂಬ ಸೈನಿಕ ನೆಲೆಯಲ್ಲಿ ೧೯೯೦ರಿಂದ ೧೯೯೫ರವರೆಗೆ ಸುಮಾರು ೮ ಕೋಟಿ ಡಾಲರುಗಳ ವೆಚ್ಚದಿಂದ ಸೈನಿಕರ ಮಕ್ಕಳಿಗಾಗಿ ಪೂರ್ಣವಾದ ಶುಶ್ರೂಷಾಶ್ರೇಣಿಯನ್ನು ಏರ್ಪಡಿಸಲಾಯಿತು. ಮನೆಗೇ ಬಂದು ನೀಡುವ ಚಿಕಿತ್ಸೆ, ಹಗಲು ಚಿಕಿತ್ಸಾಲಯ, ಸಾಕುಮನೆ, ಆಸ್ಪತ್ರೆ ಎಲ್ಲವೂ ಇದ್ದುವು. ಇವುಗಳನ್ನು ಜೋಡಿಸುವ ಕಾರ್ಯನಿರ್ವಾಹಕರೂ ಇದ್ದರು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಲೆನಾರ್ಡ್ ಬಿಕ್‌ಮನ್ನರು ಇದನ್ನು ಕೆಂಟಕಿ ಮತ್ತು ಜಾರ್ಜಿಯ ಕಡೆಯ ಬೇರೆ ಎರಡು ಸೈನಿಕ ನೆಲೆಗಳೊಡನೆ ಹೋಲಿಸಿ, ಒಟ್ಟು ೯೮೪ ಮಕ್ಕಳನ್ನು ಪರಿಶೀಲಿಸಿದರು. ಫೋರ್ಟ್ ಬ್ರ್ಯಾಗಿನಲ್ಲಿ ಹೆಚ್ಚು ಮಕ್ಕಳಿಗೆ ಶುಶ್ರೂಷೆಯು ದೊರೆಯಿತು, ಆಸ್ಪತ್ರೆವಾಸವು ಕಡಮೆಯಾಯಿತು, ತಾಯಿತಂದೆಗಳು ಹೆಚ್ಚು ತೃಪ್ತರಾದರು. ಆದರೆ ರೋಗಲಕ್ಷಣಗಳು ಇಳಿಯುವುದರಲ್ಲಿ ಎರಡು ಕಡೆಗೂ ಭೇದವು ಕಾಣಲಿಲ್ಲ. ವೆಚ್ಚವು ಮಾತ್ರ ಇಲ್ಲಿ ಹೆಚ್ಚಾಗಿತ್ತು.

ಇದಕ್ಕೆ ಆಕ್ಷೇಪವೂ ಬಾರದಿರಲಿಲ್ಲ. ೧೯೮೬ರ ಗ್ರಂಥಕರ್ತರಲ್ಲಿ ಒಬ್ಬರಾದ ಫ್ರೀಡ್‌ಮನ್ನರೇ ಬಾರ್ಬರಾ ಬರ್ನ್ಸ್ ಎಂಬವರೊಡನೆ ಕೂಡಿ ೧೯೯೬ರಲ್ಲಿ ಈ ಫಲಿತಾಂಶಕ್ಕೆ ಬೇರೆಯ ವ್ಯಾಖ್ಯಾನವನ್ನು ಕೊಟ್ಟರು. ಫೋರ್ಟ್ ಬ್ರ್ಯಾಗಿನಲ್ಲಿದ್ದುದು ಚಿಕಿತ್ಸೆಗಳ ಶ್ರೇಣಿಯಷ್ಟೆ, ಶಾಲೆ ನ್ಯಾಯಾಲಯಗಳನ್ನು ಒಳಗೊಂಡ ನಿಜವಾದ ವ್ಯವಸ್ಥೆಯಲ್ಲವೆಂಬುದು ಈ ಪಕ್ಷದವರ ವಾದದ ಸಾರ. ಈ ವಾದದಲ್ಲಿ ಸತ್ಯಾಂಶವುಂಟು. ಆದರೆ ಒಹಾಯೊ ಸಂಸ್ಥಾನದ ಸ್ಟಾರ್ಕ್ ಜಿಲ್ಲೆಯಲ್ಲಿ ಇಲಾಖೆಗಳೆಲ್ಲ ಕೂಡಿ ಬಹುಕಾಲ ನಡೆಸಿಕೊಂಡು ಬಂದಿದ್ದ ವ್ಯವಸ್ಥೆಯನ್ನು ಬಿಕ್‌ಮನ್ನರು ಅನಂತರ ಪರೀಕ್ಷಿಸಿದಾಗಲೂ, ಶುಶ್ರೂಷೆಯು ಹೆಚ್ಚು ದೊರೆಯಿತೆಂದೂ ಗುಣದಲ್ಲಿ ಭೇದವಿಲ್ಲವೆಂದೂ ಕಂಡುಬಂದಿತು. ಆದಕಾರಣ ಆಕ್ಷೇಪವು ಒಂದು ಪ್ರಯೋಗದ ದೋಷವನ್ನು ತೋರಿಸಬಲ್ಲುದೇ ಹೊರತು ಪ್ರಶ್ನೆಯನ್ನು ಮುಚ್ಚಲಾರದು.

ಟೆನೆಸೀ ಸಂಸ್ಥಾನದ ಸಂಶೋಧನೆಯೊಂದು ಇನ್ನೂ ತೀಕ್ಷ್ಣವಾದುದು. ಗ್ಲಿಸನ್ ಮತ್ತು ಹೆಮ್ಮೆಲ್‌ಗಾರ್ನ್ ಎಂಬವರು ೩೨ ಕಚೇರಿಗಳ ಆಶ್ರಯದಲ್ಲಿದ್ದ ೨೫೦ ಮಕ್ಕಳ ಸ್ಥಿತಿಯನ್ನು ಪರಿಶೀಲಿಸಿ ೧೯೯೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಕ್ಕಳ ಸುಧಾರಣೆಗೆ ಮುಖ್ಯ ಕಾರಣವು ಕಚೇರಿಯ ಒಳಗಿನ ವಾತಾವರಣವೆಂದು ತೋರಿಸಿದರು: ಕೆಲಸಗಾರರಲ್ಲಿ ಜಗಳ ಕಡಮೆಯಿರುವುದು, ಸಹಕಾರವಿರುವುದು, ತನ್ನ ಕೆಲಸವೇನೆಂಬುದು ಒಬ್ಬೊಬ್ಬನಿಗೂ ಸ್ಪಷ್ಟವಾಗಿರುವುದು. ಇಲಾಖೆಗಳ ನಡುವಣ ಸಮನ್ವಯವಾದರೋ ಸೇವೆಯ ಗುಣವನ್ನು ಹೆಚ್ಚಿಸುವುದಕ್ಕೆ ಬದಲಾಗಿ ತಗ್ಗಿಸುವಂತೆ ಕಂಡಿತು. ಈ ವಿಪರೀತಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಹತ್ತು ಮಂದಿ ಮೇಜಿನ ಸುತ್ತ ಕುಳಿತು ಒಂದು ಮಗುವಿನ ವಿಷಯವನ್ನು ನಿರ್ಧರಿಸಿದಾಗ, ನಿನ್ನೆಯವರೆಗೆ ಆ ಮಗುವು ನನ್ನದೆನ್ನುತ್ತಿದ್ದ ಒಬ್ಬ ಕೆಲಸಗಾರನು ಇಂದು ಅದು ಸಮಿತಿಯದೆನ್ನುತ್ತಾನೆ. ವಾಕ್ಯದಲ್ಲಿ ಪದಗಳು ಹೆಚ್ಚಿದುವು, ಕರ್ತೃಪದವು ಲೋಪವಾಯಿತು. ಬೇವಾರಸನ್ನು ತಪ್ಪಿಸಲು ಹೊರಟ ಉಪಾಯವೇ ಮಗುವನ್ನು ಹೊಸ ರೀತಿಯಲ್ಲಿ ಬೇವಾರಸು ಮಾಡಬಹುದೆಂಬುದು ಇಲ್ಲಿಯ ನೀತಿ.

೫

ಇಷ್ಟರಿಂದ ಸಮನ್ವಯವು ವ್ಯರ್ಥವೆಂದು ಸಿದ್ಧಾಂತಮಾಡಿದರೆ ಅದೂ ಅವಸರದ ಮಾತಾಗುವುದು. ಅನ್ವಯವು ಪದಗಳಿಗೆ ಇಲ್ಲದ ಅರ್ಥವನ್ನು ಹುಟ್ಟಿಸಲಾರದು. ಆದರೆ ಅನ್ವಯವಿಲ್ಲದಿದ್ದರೆ ಇರುವ ಅರ್ಥವೂ ವ್ಯಕ್ತವಾಗದು. ವಿಸ್ಕಾನ್ಸಿನ್ ಸಂಸ್ಥಾನದ ಮಿಲ್‌ವಾಕಿಯಲ್ಲಿ ೧೯೯೫ರ ಹೊತ್ತಿಗೆ ಆರಂಭವಾದ ಕಾರ್ಯವು ಇದಕ್ಕೆ ನಿದರ್ಶನ. ಮಗುವನ್ನು ಬಟ್ಟೆಯಿಂದ ಸುತ್ತಿ ಹೊದಿಸುವಂತೆ ನೆರವನ್ನು ಸುತ್ತಬೇಕೆಂಬ ಅರ್ಥದಲ್ಲಿ ರ್ಯಾಪ್‌ಅರೌಂಡ್ ಎಂಬ ಹೆಸರು ಇದಕ್ಕೆ ಬಂದಿದೆ. ಶಿಶುಕಲ್ಯಾಣ, ಬಾಲನ್ಯಾಯ, ಬಡವರ ವೈದ್ಯವಿಮೆ ಇವುಗಳ ಹಣವನ್ನು ಅಲ್ಲಿ ಒಂದೇ ಚೀಲಕ್ಕೆ ಸೇರಿಸಿದರು. ಕೇವಲ ಎಂಟೊಂಬತ್ತು ಕುಟುಂಬಗಳನ್ನು ನೋಡಿಕೊಳ್ಳುವ ಒಬ್ಬ ಸಂಯೋಜಕನಿಗೆ ಹೊಣೆಯನ್ನು ಒಪ್ಪಿಸಿದರು. ಕುಟುಂಬವೂ ಕುಳಿತು ಮಾಡಿದ ಯೋಜನೆಯೊಂದೇ ಎಲ್ಲ ಇಲಾಖೆಗಳಿಗೂ ಪ್ರಮಾಣವಾಯಿತು. ನಿವಾಸಗೃಹಗಳಲ್ಲಿ ದಿನವಹಿ ಇರುತ್ತಿದ್ದ ಮಕ್ಕಳ ಸಂಖ್ಯೆಯು ೩೦೦ಕ್ಕೆ ಮೇಲ್ಪಟ್ಟಿದ್ದುದು ಕಾಲಕ್ರಮದಲ್ಲಿ ೧೦೦ಕ್ಕಿಂತ ಕೆಳಗಿಳಿಯಿತು. ಅಲಾಸ್ಕದಲ್ಲಿ ಇದಕ್ಕೂ ಹಿಂದೆಯೇ, ೧೯೮೦ರ ದಶಕದ ನಡುವೆ, ದೂರದ ಸಂಸ್ಥಾನಗಳ ಗೃಹಗಳಿಗೆ ಕಳುಹಿಸಿದ್ದ ಮಕ್ಕಳನ್ನು ಇದೇ ಭಾವನೆಯಿಂದ ತಮ್ಮ ನಾಡಿಗೆ ಹಿಂದಕ್ಕೆ ಕರೆತಂದಿದ್ದರು. ಮಿಲ್‌ವಾಕಿಯ ಸಂಖ್ಯೆಗಳು ಫೋರ್ಟ್ ಬ್ರ್ಯಾಗಿನಂತಹ ಹೋಲಿಕೆಯ ಪರೀಕ್ಷೆಯಿಂದ ಬಂದುವಲ್ಲ. ಅವುಗಳಿಂದ ರೋಗವು ಗುಣವಾಯಿತೆಂದು ಹೇಳಲಾಗದು. ಮಗುವು ಮನೆಗೆ ಬಂದಿತೆಂದು ಮಾತ್ರ ಹೇಳಬಹುದು. ಆದರೆ ಮಗುವು ಮನೆಗೆ ಬರುವುದೂ ಒಂದು ಫಲವೇ. ರೋಗಲಕ್ಷಣದ ಅಂಕಗಳಲ್ಲಿ ಅದು ಕಾಣದಿದ್ದರೆ ಅದು ಅಂಕಗಳ ಮಿತಿ.

ಈ ಫಲದ ಬೆಲೆಯನ್ನು ತಿಳಿಯಬೇಕಾದರೆ ೨೦೦೩ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಾರ್ಯಾಲಯವು ಪ್ರಕಟಿಸಿದ ವರದಿಯನ್ನು ನೋಡಬೇಕು. ೧೯ ಸಂಸ್ಥಾನಗಳ ಮತ್ತು ೩೦ ಜಿಲ್ಲೆಗಳ ಅಧಿಕಾರಿಗಳು ಕೊಟ್ಟ ಅಂದಾಜಿನಂತೆ, ೨೦೦೧ನೆಯ ಸಾಲಿನಲ್ಲಿ ೧೨,೭೦೦ಕ್ಕೂ ಹೆಚ್ಚು ಮಕ್ಕಳನ್ನು ತಾಯಿತಂದೆಗಳು ಶಿಶುಕಲ್ಯಾಣದ ಅಥವಾ ಬಾಲನ್ಯಾಯದ ಇಲಾಖೆಗೆ ಒಪ್ಪಿಸಿದ್ದರು. ಹೀಗೆ ಒಪ್ಪಿಸಿದುದಕ್ಕೆ ಕಾರಣ ದ್ವೇಷವೂ ಅಲ್ಲ, ಅಲಕ್ಷ್ಯವೂ ಅಲ್ಲ. ಮಾನಸಿಕ ಚಿಕಿತ್ಸೆಯನ್ನು ಪಡೆಯಲು ಬೇರೆ ದಾರಿಯಿಲ್ಲದಿರುವುದು. ಮಗುವು ನನ್ನದಲ್ಲವೆಂದು ಬರೆದುಕೊಟ್ಟರೆ ಮಾತ್ರ ಮಗುವಿಗೆ ಮದ್ದು ಎಂಬ ಸ್ಥಿತಿಗೆ ತಾಯಿಯನ್ನು ತರುವ ನಾಡಿನಲ್ಲಿ, ನಿಟ್ಜರಳ ಪುಸ್ತಕದ ಹೆಸರು ಇಪ್ಪತ್ತು ವರ್ಷಗಳಾದ ಮೇಲೆಯೂ ಸುಳ್ಳಾಗಿರಲಿಲ್ಲ.

ಮೂಲಗ್ರಂಥದ ಪಾಠಭೇದವೂ ಈ ಸಂದರ್ಭದಲ್ಲಿ ವಿಚಾರಾರ್ಹ. ೧೯೮೬ರ ಲಕ್ಷಣವಾಕ್ಯವು ಶುಶ್ರೂಷೆಗಳಿಗೆ ಕೊಟ್ಟಿದ್ದ ವಿಶೇಷಣವು ಸಮಗ್ರತೆಯದು. ಸ್ಟ್ರೌಲ್ ಮತ್ತು ಫ್ರೀಡ್‌ಮನ್ನರು ಗ್ಯಾರಿ ಬ್ಲೌ ಎಂಬವರೊಡನೆ ೨೦೧೦ರಲ್ಲಿ ಆ ವಾಕ್ಯವನ್ನು ತಿದ್ದಿದಾಗ ಪರಿಣಾಮಕಾರಿ ಎಂಬ ಅರ್ಥದ ವಿಶೇಷಣವು ಹೊಸದಾಗಿ ಬಂದಿತು. ಕುಟುಂಬದೊಡನೆಯೂ ತರುಣರೊಡನೆಯೂ ಪಾಲುಗಾರಿಕೆಯೆಂಬ ಮಾತು ಸೇರಿತು. ಮನೆ, ಶಾಲೆ, ಊರುಗಳಲ್ಲಿ ಮಗುವಿನ ಬಾಳು ಮೇಲಾಗಬೇಕೆಂಬ ಪ್ರಯೋಜನವೂ ವಾಕ್ಯದ ಕೊನೆಗೆ ಸೇರಿತು. ಪರಿಣಾಮಕಾರಿಯೆಂಬುದು ಯೋಗ್ಯತೆ, ಪಾಲುಗಾರಿಕೆಯೆಂಬುದು ಆಕಾಂಕ್ಷೆ, ಕೊನೆಯದು ತಾತ್ಪರ್ಯ. ಗ್ರಂಥಕರ್ತರು ತಮ್ಮ ವಾಕ್ಯವು ಸಹಿಸಿದ ಪರೀಕ್ಷೆಗಳಿಂದ ಪಾಠವನ್ನು ಕಲಿತರೆಂಬುದಕ್ಕೆ ಇದು ಗೌರವಯೋಗ್ಯವಾದ ಸಾಕ್ಷಿ. ಆದರೆ ಪದವನ್ನು ಸೇರಿಸುವುದು ಸುಲಭ, ಪದಾರ್ಥವನ್ನು ಒದಗಿಸುವುದು ಕಷ್ಟ. ಕರ್ತೃ ಯಾರೆಂಬ ಪ್ರಶ್ನೆಗೆ ತಿದ್ದಿದ ವಾಕ್ಯವೂ ಉತ್ತರವನ್ನು ಕೊಡುವುದಿಲ್ಲ.

೬

ಈ ಚರ್ಚೆಯಿಂದ ನಮಗೇನು ಪ್ರಯೋಜನವೆಂದು ಕೇಳಬಹುದು. ನಿಟ್ಜರಳ ಪುಸ್ತಕವು ಪ್ರಕಟವಾದ ೧೯೮೨ರಲ್ಲಿಯೇ ಭಾರತದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ರೂಪುಗೊಂಡಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯಕೇಂದ್ರಗಳ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ಶಿಕ್ಷಣವನ್ನು ಕೊಟ್ಟು ನಡೆಸಿದ ಪ್ರಯೋಗವೇ ೧೯೯೬ರಲ್ಲಿ ಇತರ ಪ್ರಾಂತಗಳ ಜಿಲ್ಲೆಗಳಿಗೂ ಮಾದರಿಯಾಯಿತು. ಅದಕ್ಕೂ ಮೊದಲು, ೧೯೫೦ರ ದಶಕದಲ್ಲಿ, ಅಮೃತಸರದಲ್ಲಿ ಡಾಕ್ಟರ್ ವಿದ್ಯಾಸಾಗರರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲಿಯೇ ಗುಡಾರಗಳಲ್ಲಿ ಇಳಿಸಿಕೊಂಡು ಚಿಕಿತ್ಸೆಯಲ್ಲಿ ಸೇರಿಸಿಕೊಂಡಿದ್ದರು. ಕುಟುಂಬವನ್ನು ಒಳಗೆ ತರಬೇಕೆಂದು ಅಮೆರಿಕದವರು ಸೂತ್ರವನ್ನು ಬರೆಯಬೇಕಾಯಿತು. ನಮ್ಮಲ್ಲಿ ಕುಟುಂಬವು ಯಾವಾಗಲೂ ಬಾಗಿಲಲ್ಲಿಯೇ ಇತ್ತು.

ಆದರೆ ಇದರಲ್ಲಿ ಹೆಮ್ಮೆಪಡತಕ್ಕುದು ಅರ್ಧಮಾತ್ರ. ೨೦೧೫–೧೬ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ೧೩ರಿಂದ ೧೭ ವರ್ಷದವರಲ್ಲಿ ನೂರಕ್ಕೆ ೭.೩ರಷ್ಟು ಮಂದಿಗೆ ಮಾನಸಿಕ ಅಸ್ವಾಸ್ಥ್ಯವಿರುವುದಾಗಿ ಕಂಡುಬಂದಿದೆ. ಇಂತಹ ಮಗುವಿನ ತಾಯಿಯು ಶಾಲೆಯ ಉಪಾಧ್ಯಾಯರು ಹೇಳಿದುದನ್ನು ಡಾಕ್ಟರಿಗೂ, ಡಾಕ್ಟರು ಹೇಳಿದುದನ್ನು ಶಾಲೆಗೂ ತಾನೇ ಹೊತ್ತು ಮುಟ್ಟಿಸಬೇಕು. ಸಮನ್ವಯವನ್ನು ಅವಳೊಬ್ಬಳೇ ಮಾಡುತ್ತಿದ್ದಾಳೆ; ಆ ಕೆಲಸಕ್ಕೆ ಹೆಸರೂ ಇಲ್ಲ, ಸಹಾಯವೂ ಇಲ್ಲ. ಅಮೆರಿಕದಲ್ಲಿ ಪದಗಳು ಬಹಳವಿದ್ದು ಕರ್ತೃಪದವು ದೊರೆಯಲಿಲ್ಲ. ನಮ್ಮಲ್ಲಿ ಕರ್ತೃಪದವಿದ್ದು ಉಳಿದ ಪದಗಳು ವಿರಳ. ಆದುದರಿಂದ ಅವರ ಗ್ರಂಥವನ್ನು ಹಾಗೆಯೇ ಅನುವಾದಿಸಿ ಸಮಿತಿಗಳನ್ನು ರಚಿಸಿದರೆ ಇರುವ ಕರ್ತೃವನ್ನೂ ಕಳೆದುಕೊಳ್ಳುವ ಭಯವುಂಟು. ನಮಗೆ ಮೊದಲು ಬೇಕಾದುದು ಗುಣಕಾರಿಯಾದ ಪದಗಳು. ಆಮೇಲೆ ಅವುಗಳನ್ನು ತಾಯಿಯ ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಇಡುವುದು. ಅವಳ ಜೊತೆಗೆ ಹೆಸರು ಹೇಳಿ ಕರೆಯಬಹುದಾದ ಒಬ್ಬ ಹೊಣೆಗಾರನನ್ನು ನಿಲ್ಲಿಸುವುದು.

ಸಮಗ್ರವಾಗಿ ನೋಡಿದರೆ ೧೯೮೬ರ ಗ್ರಂಥವು ಒಂದು ಹಕ್ಕಿನ ನಿರೂಪಣೆಯಾಗಿ ಶ್ರೇಷ್ಠವಾದುದು, ಚಿಕಿತ್ಸಾಶಾಸ್ತ್ರವಾಗಿ ಅಪೂರ್ಣವಾದುದು. ಅದನ್ನು ಮೊದಲನೆಯದಾಗಿ ಓದಿದವರು ಮಕ್ಕಳನ್ನು ಮನೆಗೆ ತಂದರು; ಎರಡನೆಯದಾಗಿ ಓದಿದವರು ಕಚೇರಿಗಳನ್ನು ಜೋಡಿಸಿ ರೋಗವು ತಾನಾಗಿ ಇಳಿಯುವುದೆಂದು ಕಾದರು. ದೋಷದಲ್ಲಿ ಓದಿದವರ ಪಾಲು ಹೆಚ್ಚು, ಬರೆದವರ ಪಾಲು ಸ್ವಲ್ಪ. ಸಮನ್ವಯವೆಂಬ ಮಾತನ್ನು ಇನ್ನು ಮುಂದೆ ವರದಿಗಳಲ್ಲಿ ಕಂಡಾಗಲೆಲ್ಲ ಕ್ರಿಯೆ ಯಾವುದು, ಕರ್ತೃ ಯಾರು, ಪದಗಳಿಗೆ ಯೋಗ್ಯತೆಯಿದೆಯೇ ಎಂದು ನಾವು ಕೇಳಿದರೆ, ಪಾಠಶಾಲೆಯಲ್ಲಿ ಕಲಿಸುವ ಅನ್ವಯಕ್ರಮವು ಪದ್ಯಗಳಿಗೆ ಮಾತ್ರ ಮೀಸಲಲ್ಲವೆಂಬುದು ಸ್ಪಷ್ಟವಾಗುವುದು.